ಚರ್ಮಕ್ಕೆ ಹಗುರ, ಕಾಡಿಗೆ ಭಾರ: ಮೃದುಕಾರಕಗಳ ಮೂಲ

ಚರ್ಮದ ತೇವ ಆರದಂತೆ ತಡೆದು ಅದನ್ನು ನಯವಾಗಿಡುವ ಜಿಡ್ಡಿನ ದ್ರವ್ಯಗಳನ್ನು ಮೃದುಕಾರಕಗಳೆನ್ನುತ್ತಾರೆ. ಇವುಗಳಲ್ಲಿ ಬೇಗನೆ ಹರಡಿ, ಅಂಟು ಉಳಿಸದವು ಹಗುರ ವರ್ಗಕ್ಕೆ ಸೇರುತ್ತವೆ. ಇಂದಿನ ಕ್ರೀಮು, ಲೋಷನ್‌ಗಳಲ್ಲಿ ಇವುಗಳಿಗೇ ಬೇಡಿಕೆ ಹೆಚ್ಚು.

ಆವಿಯಾಗುವ ಸಿಲಿಕೋನ್‌ಗಳು ಈ ವರ್ಗದಲ್ಲಿ ಬಹುಕಾಲ ಮುಂದಿದ್ದವು. ಇವು ಪರಿಸರದಲ್ಲಿ ಸುಲಭವಾಗಿ ಕರಗಿಹೋಗುವುದಿಲ್ಲ. ಆದ್ದರಿಂದ ಐರೋಪ್ಯ ಒಕ್ಕೂಟವು ತೊಳೆದುಹೋಗುವ ಪ್ರಸಾಧನಗಳಲ್ಲಿ ಡಿ4, ಡಿ5 ಬಳಕೆಯನ್ನು 2020ರಿಂದ ನಿರ್ಬಂಧಿಸಿತು. 2024ರಲ್ಲಿ ನಿಯಮವನ್ನು ಮತ್ತಷ್ಟು ವಿಸ್ತರಿಸಿತು. ಹಿಂದೆ ಶಾರ್ಕ್ ಮೀನಿನ ಯಕೃತ್ತಿನಿಂದ ಪಡೆಯುತ್ತಿದ್ದ ಸ್ಕ್ವಾಲೇನ್ ಈಗ ಆಲಿವ್ ಮತ್ತು ಕಬ್ಬಿನ ಸಕ್ಕರೆಯಿಂದಲೂ ದೊರೆಯುತ್ತದೆ. ಕ್ಯಾಪ್ರಿಲಿಕ್-ಕ್ಯಾಪ್ರಿಕ್ ಟ್ರೈಗ್ಲಿಸರೈಡ್‌ಗೆ ತೆಂಗಿನೆಣ್ಣೆ ಅಥವಾ ತಾಳೆಬೀಜದ ಎಣ್ಣೆಯೇ ಮೂಲ.

ಹಗುರ ಎಣ್ಣೆಗಳಿಗೆ ಮೈಕಟ್ಟು ನೀಡಲು ಗಟ್ಟಿ ಸಸ್ಯಕೊಬ್ಬುಗಳನ್ನು ಬೆರೆಸುವುದುಂಟು. ಪಶ್ಚಿಮಘಟ್ಟಕ್ಕೆ ಈ ವಿಷಯ ಹತ್ತಿರವಾಗುವುದು ಇಲ್ಲಿಯೇ. ಸಕಲೇಶಪುರ ತಾಲ್ಲೂಕಿನ ದೋಣಿಗಲ್‌ನಿಂದ ಪಶ್ಚಿಮಕ್ಕೆ ಇಳಿಯುವ ಘಟ್ಟಸಾಲಿನ ನಿತ್ಯಹರಿದ್ವರ್ಣ ಕಾಡು ಸಾಲುಧೂಪದ ನೆಲೆ. ವಟೇರಿಯಾ ಇಂಡಿಕಾ ಎಂಬ ಶಾಸ್ತ್ರೀಯ ನಾಮದ ಈ ಮರ ಪಶ್ಚಿಮಘಟ್ಟವನ್ನು ಬಿಟ್ಟು ಬೇರೆಡೆ ಸಹಜವಾಗಿ ಬೆಳೆಯದು. ಇದರ ಅಂಟು ಧೂಪವಾಗಿ ಪ್ರಸಿದ್ಧ. ಬೀಜದ ಕೊಬ್ಬು ಹಿಂದೆ ಸಾಬೂನು, ಮೇಣದಬತ್ತಿಗೆ ಬಳಕೆಯಾಗುತ್ತಿತ್ತು. ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳು ಹೇರಳವಾಗಿರುವುದರಿಂದ ಪ್ರಸಾಧನಗಳಿಗೂ ಒಗ್ಗುತ್ತದೆ. ಮುರುಗಲು ಮತ್ತು ಉಪ್ಪಾಗೆಯ ಬೀಜಗಳಿಂದಲೂ ಇಂಥದೇ ತುಪ್ಪ ತೆಗೆಯುತ್ತಾರೆ.

ಸಸ್ಯಮೂಲದ್ದೆಂಬ ಕಾರಣಕ್ಕೇ ಇದು ನಿರಪಾಯವೆನ್ನಲಾಗದು. ಮುಂಗಾರಿನ ಹೊತ್ತಿಗೆ ಉದುರುವ ಧೂಪದ ಬೀಜ ಒಣಗಿದರೆ ಮೊಳಕೆಯ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಧಾನ್ಯದಂತೆ ಒಣಗಿಸಿಟ್ಟು ಮುಂದಿನ ವರ್ಷ ಬಿತ್ತುವಂತಿಲ್ಲ. ಬಿದ್ದ ಬೀಜವನ್ನೆಲ್ಲ ಹೆಕ್ಕಿದರೆ ಆ ವರ್ಷದ ಸಸಿಗಳೇ ಇಲ್ಲವಾಗುತ್ತವೆ. ಹಳೆಯ ಮರಗಳು ನಿಂತಿರುವವರೆಗೆ ಕಾಡು ತುಂಬಿದಂತೆಯೇ ತೋರುವುದರಿಂದ ಈ ನಷ್ಟ ತಡವಾಗಿ ಕಣ್ಣಿಗೆ ಬೀಳುತ್ತದೆ.

ಹೀಗಾಗಿ ಪ್ರತಿ ಮರದಡಿ ಬೀಜದ ಒಂದು ಪಾಲು ಉಳಿಸುವುದು, ಕೊಂಬೆ ಕಡಿಯದಿರುವುದು, ತಾಜಾ ಬೀಜದಿಂದ ನರ್ಸರಿ ಬೆಳೆಸುವುದು ಅಗತ್ಯ. ಜೈವಿಕ ಸಂಪನ್ಮೂಲದ ವಾಣಿಜ್ಯ ಬಳಕೆಯ ಲಾಭದಲ್ಲಿ ಸ್ಥಳೀಯರಿಗೂ ಪಾಲು ಸಲ್ಲಬೇಕೆಂಬುದು 2002ರ ಜೈವಿಕ ವೈವಿಧ್ಯ ಕಾಯ್ದೆಯ ಆಶಯ.

ಗ್ರಾಹಕರು ಗಮನಿಸಬೇಕಾದ ಅಂಶವೂ ಒಂದಿದೆ. ಡಬ್ಬಿಯ ಮೇಲಿನ ಹೆಸರು ದ್ರವ್ಯವನ್ನಷ್ಟೇ ತಿಳಿಸುತ್ತದೆ. ಅದೇ ಟ್ರೈಗ್ಲಿಸರೈಡ್ ಅರಸೀಕೆರೆ ಸೀಮೆಯಂಥ ತೆಂಗಿನ ತೋಟದಿಂದ ಬಂದಿರಬಹುದು, ಮಳೆಕಾಡು ಕಡಿದು ನೆಟ್ಟ ತಾಳೆಯಿಂದಲೂ ಬಂದಿರಬಹುದು. ತಯಾರಕರು ಮೂಲವನ್ನು ಪ್ರತ್ಯೇಕವಾಗಿ ನಮೂದಿಸದಿದ್ದರೆ ಈ ಅಂತರ ಕೊಳ್ಳುವವರಿಗೆ ತಿಳಿಯುವುದಿಲ್ಲ.