ಕಡೂರು ಸೀಮೆಯಲ್ಲಿ ತಾಮ್ರವನ್ನು ಕೊರೆದ ಬಗೆ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆಯೆಂದೇ ಹೆಸರು. ಆ ಜಿಲ್ಲೆಯ ಶಾಸನಗಳನ್ನು ಒಟ್ಟುಗೂಡಿಸಿ ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟದಲ್ಲಿ, ಕಡೂರು ತಾಲ್ಲೂಕಿನ ಬೀರೂರಿನಲ್ಲಿ ದೊರೆತ ಕದಂಬ ವಿಷ್ಣುವರ್ಮನ ತಾಮ್ರಶಾಸನವೊಂದು ಸೇರಿದೆ. ಕದಂಬರ ವಂಶಾವಳಿಯನ್ನು ನಿಶ್ಚಯಿಸಲು ಹೊರಟ ವಿದ್ವಾಂಸರು ಇದರ ಅಕ್ಷರಗಳನ್ನು ಮತ್ತೆ ಮತ್ತೆ ಪರಿಶೀಲಿಸಿದ್ದಾರೆ. ತಾಮ್ರಶಾಸನಗಳನ್ನು ರಚಿಸಿದ ಕವಿಯ ಹೆಸರು, ಕಂಡರಿಸಿದ ಕುಶಲಿಯ ಹೆಸರು ಹಲವೆಡೆ ನಮಗೆ ಸಿಗುತ್ತವೆ. ಆದರೆ ಆ ಹಲಗೆಗಳನ್ನು ಒಂದೇ ಗ್ರಂಥವಾಗಿ ಹಿಡಿದಿಟ್ಟಿರುವ ಬಳೆ ಹಾಯ್ದುಹೋಗಲೆಂದು ಎಡಗಡೆಯಲ್ಲಿ ತೆಗೆದ ದುಂಡು ರಂಧ್ರದ ಕಡೆಗೆ ಓದುಗರ ದೃಷ್ಟಿ ಹೊರಳುವುದು ವಿರಳ. ಲೋಹದ ಕೆಲಸದಲ್ಲಿ ಆಸಕ್ತಿಯುಳ್ಳ ನನಗೆ ಅಕ್ಷರಗಳಷ್ಟೇ ಆ ರಂಧ್ರವೂ ಗೌರವಾರ್ಹವಾಗಿ ಕಾಣುತ್ತದೆ.

ದಕ್ಷಿಣದೇಶದ ತಾಮ್ರಶಾಸನಗಳು ತಾಳೆಗರಿಯ ಗ್ರಂಥವನ್ನೇ ಅನುಕರಿಸಿದುವು. ಗರಿಗೆ ದಾರವಿದ್ದಂತೆ ಹಲಗೆಗೆ ಬಳೆ. ಬಳೆಯ ಎರಡು ತುದಿಗಳನ್ನೂ ರಾಜಮುದ್ರೆಯಲ್ಲಿ ಸೇರಿಸಿ ಬೆಸೆದಮೇಲೆ, ಅದನ್ನು ಕತ್ತರಿಸದ ಹೊರತು ನಡುವಣ ಒಂದು ಹಲಗೆಯನ್ನು ತೆಗೆಯುವುದಾಗಲಿ ಸುಳ್ಳು ಹಲಗೆಯೊಂದನ್ನು ಸೇರಿಸುವುದಾಗಲಿ ಸಾಧ್ಯವಿರಲಿಲ್ಲ. ಹೀಗೆ ದತ್ತಿಯ ಪ್ರಾಮಾಣ್ಯವೆಲ್ಲವೂ ಆ ಒಂದು ರಂಧ್ರದಲ್ಲಿ ನೆಲೆಸಿತ್ತು. ಅನೇಕ ಶಾಸನಗಳಲ್ಲಿ ಅಕ್ಷರಪಂಕ್ತಿಗಳು ರಂಧ್ರದ ಸಮೀಪಕ್ಕೆ ಬಂದೊಡನೆ ತಡೆದು, ಸುತ್ತ ಒಂದಿಷ್ಟು ಬಯಲನ್ನು ಬಿಟ್ಟು, ಆಚೆ ಬದಿಯಲ್ಲಿ ಮತ್ತೆ ಮುಂದುವರಿಯುತ್ತವೆ. ಬರೆಯುವವನು ಉಳಿಯನ್ನು ಕೈಗೆತ್ತಿಕೊಳ್ಳುವ ಮುನ್ನವೇ ರಂಧ್ರದ ಸ್ಥಾನ ನಿರ್ಣಯವಾಗಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಮೆದುವಾದ ಲೋಹವನ್ನು ಕೊರೆಯುವುದು ಸುಲಭವೆಂದು ಅನನುಭವಿಗೆ ತೋರುವುದು ಸಹಜ. ವಸ್ತುಸ್ಥಿತಿ ಇದಕ್ಕೆ ವಿಪರೀತವಾದುದು. ಎರಕದ ಕಬ್ಬಿಣವನ್ನು ಕೊರೆದರೆ ಅದು ಪುಡಿಪುಡಿಯಾಗಿ ಉದುರಿಹೋಗುತ್ತದೆ. ತಾಮ್ರವಾದರೋ ಮುರಿಯಲೊಲ್ಲದೆ, ಆರಿದ ಬೆಲ್ಲದ ಪಾಕದಂತೆ ಎಳೆದಷ್ಟೂ ಬಂದು, ಕೊರೆಯುವ ಬಾಯಿಗೇ ಮೆತ್ತಿಕೊಳ್ಳುತ್ತದೆ. ಹೀಗೆ ಮೆತ್ತಿದ ತಾಮ್ರವೇ ಬಾಯಿಯ ಹರಿತವನ್ನು ಮುಚ್ಚಿಬಿಡುವುದರಿಂದ, ಆಮೇಲೆ ಕೊರೆಯುವುದೆಂದರೆ ಲೋಹದಿಂದ ಲೋಹವನ್ನು ಉಜ್ಜುವುದಷ್ಟೆ. ಶಾಖವೇರುತ್ತದೆ, ರಂಧ್ರ ಸೊಟ್ಟಗಾಗುತ್ತದೆ, ಅಂಚು ಹರಿದು ಮುಳ್ಳೇಳುತ್ತದೆ. ಈ ದೋಷಕ್ಕೆ ಪರಿಹಾರವು ತಾಮ್ರದ ಸ್ವಭಾವದಲ್ಲಿಯೇ ಇದೆ. ಕೆಂಪಗೆ ಕಾಸಿದರೆ ಮೆದುವಾಗುವ ತಾಮ್ರವು, ತಣ್ಣಗಿರುವಾಗ ಸುತ್ತಿಗೆಯ ಏಟು ಬೀಳುತ್ತ ಹೋದಂತೆ ಬಿರುಸಾಗುತ್ತದೆ. ಬಿರುಸಾದ ತಾಮ್ರ ಮೆತ್ತಿಕೊಳ್ಳದೆ ಕತ್ತರಿಸಿ ಬರುತ್ತದೆ. ಆದುದರಿಂದ ಹಲಗೆಯನ್ನು ತಟ್ಟಿ ಸಮಮಾಡಿದ ಕೈ, ತಟ್ಟುವ ಕಾರ್ಯದಲ್ಲಿಯೇ ಅದನ್ನು ಕೊರೆತಕ್ಕೂ ಸಿದ್ಧಮಾಡುತ್ತಿತ್ತು.

ಹಳಬರಿಗೆ ರಂಧ್ರ ಮಾಡುವ ಮಾರ್ಗಗಳು ಎರಡಿದ್ದುವು. ತೆಳುತಗಡಾದರೆ ಕೆಳಗೆ ಸೀಸದ ದಿಂಡನ್ನೋ ಮರದ ಕೊರಡನ್ನೋ ಇಟ್ಟು, ಮೊನೆಯುಳಿಯಿಂದ ಹೊಡೆದು ತೂತುಮಾಡಿ, ಹಿಂಬದಿಗೆ ಉಬ್ಬಿದ ಅಂಚನ್ನು ಅರದಿಂದ ಉಜ್ಜಿಬಿಡುವುದು. ದಪ್ಪನೆಯದಾದರೆ ಬಿಲ್ಲು ಬೈರಿಗೆಯನ್ನು ಹೂಡುವುದು. ಬೈರಿಗೆಯ ಕದಿರಿಗೆ ಬಿಲ್ಲಿನ ಹುರಿಯನ್ನು ಒಂದು ಸುತ್ತು ಸುತ್ತಿ, ತಲೆಯ ಮೇಲೆ ತೆಂಗಿನ ಚಿಪ್ಪನ್ನು ಕವುಚಿ ಎಡಗೈಯಿಂದ ಅದುಮುತ್ತ, ಬಲಗೈಯಿಂದ ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ, ಕದಿರು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗುತ್ತದೆ. ಎರಡು ಕಡೆಗೂ ತಿರುಗಬೇಕಾದ ಕಾರಣ ಅದರ ಚಪ್ಪಟೆಯ ಅಲಗಿಗೆ ಎರಡು ಕಡೆಯಿಂದಲೂ ಸಾಣೆ ಹಿಡಿದಿರುತ್ತಾರೆ. ಇಂಥ ಅಲಗು ಲೋಹದೊಳಕ್ಕೆ ನುಗ್ಗುವುದಿಲ್ಲ, ಅದನ್ನು ಕೆರೆಯುತ್ತದೆ. ಯಂತ್ರಯುಗದವರು ಇದನ್ನು ನ್ಯೂನತೆಯೆಂದು ಎಣಿಸಿ ಬಿಲ್ಲನ್ನು ಮೂಲೆಗೆ ತಳ್ಳಿದರು. ಆದರೆ ನುಗ್ಗದಿರುವುದೇ ಮೆದುಲೋಹದ ಕೆಲಸದಲ್ಲಿ ಅದರ ಪರಮಗುಣವೆಂದು ನಾನು ತಿಳಿದಿದ್ದೇನೆ.

ಈ ಗುಣವು ಸ್ಫುಟವಾಗಿ ತೋರುವುದು ಹಿತ್ತಾಳೆಯಲ್ಲಿ. ಮತ್ತು ಈ ಸೀಮೆಯಲ್ಲಿ ಹಿತ್ತಾಳೆಗೆ ಮನುಷ್ಯರ ಮನೆಗಳಲ್ಲಿ ಮಾತ್ರವಲ್ಲದೆ ದನಗಳ ಮೈಮೇಲೆಯೂ ಸ್ಥಾನವಿದ್ದಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯೆನಿಸಿ, ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆದ ಅರಸರ ಗೋಸಂಪತ್ತಿನ ಕಾವಲುಗಳು ಈ ಬಯಲಿನಲ್ಲಿ ಹರಡಿದ್ದುವು. ಅಜ್ಜಂಪುರದಲ್ಲಿ 1929ರಲ್ಲಿ ಸ್ಥಾಪಿತವಾದ ತಳಿಸಂವರ್ಧನ ಕೇಂದ್ರದಲ್ಲಿ ಆ ತಳಿ ಇಂದಿಗೂ ಉಳಿದುಬಂದಿದೆ. ಹಿಂದಕ್ಕೆ ಬಾಗಿ ನೀಳವಾಗಿ ಬೆಳೆದು ಸೂಜಿಯಂತೆ ಮೊನೆಗೊಳ್ಳುವ ಕೊಂಬುಗಳುಳ್ಳ ಇಂಥ ಎತ್ತುಗಳನ್ನು ಹಬ್ಬಕ್ಕೆ ಸಿಂಗರಿಸುವಾಗ ಕೊಂಬಿನ ತುದಿಗೆ ಹಿತ್ತಾಳೆಯ ಕೊಂಬಣಸನ್ನು ತೊಡಿಸುತ್ತಾರೆ. ಅದಕ್ಕೆ ಗೊಂಡೆಯನ್ನೋ ಗೆಜ್ಜೆಯನ್ನೋ ಕಟ್ಟಬೇಕಾದರೆ ಸಣ್ಣದೊಂದು ತೂತು ಬೇಕು. ಹಿತ್ತಾಳೆ ತಾಮ್ರದಂತೆ ಮೆತ್ತುವುದಿಲ್ಲ. ಅದರ ಚೇಷ್ಟೆಯೇ ಬೇರೆ. ಹರಿತವಾದ ಬಾಯಿ ಸಿಕ್ಕಿದರೆ ಅದನ್ನು ತನ್ನೊಳಕ್ಕೆ ಸೆಳೆದು ಕಚ್ಚಿಹಿಡಿಯುತ್ತದೆ. ತೂತು ಆಚೆ ಬದಿಗೆ ಹಾಯುವ ಕ್ಷಣದಲ್ಲಿ ಈ ಸೆಳೆತವು ಅತ್ಯಂತ ಪ್ರಬಲವಾಗಿದ್ದು, ತಗಡು ಕೈತಪ್ಪಿ ಗಿರ್ರನೆ ತಿರುಗಿ ಬೆರಳನ್ನು ಸೀಳಬಲ್ಲುದು. ಕೆರೆಯುವ ಅಲಗನ್ನು ಮಾತ್ರ ಅದು ಕಚ್ಚಲಾರದು. ಬಿಲ್ಲು ಹಿಡಿದ ಕಂಚುಗಾರನಿಗೆ ಈ ಭಯವಿರಲಿಲ್ಲ.

ಬೆಂಗಳೂರಿನಿಂದ ಕಡೂರು, ಬೀರೂರು, ಅಜ್ಜಂಪುರಗಳ ಮೂಲಕ ಹರಿಹರದತ್ತ ಸಾಗುವ ರೈಲುದಾರಿ 1889ರ ಹೊತ್ತಿಗೆ ಸಿದ್ಧವಾಯಿತು; ಬೀರೂರಿನಿಂದ ತರೀಕೆರೆಯ ಮಾರ್ಗವಾಗಿ ಶಿವಮೊಗ್ಗೆಗೆ ಕವಲುದಾರಿ 1899ರಲ್ಲಿ ಬಂದಿತು. 1918ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ಅಸ್ತಿಭಾರ ಬಿದ್ದು, ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು ಅಲ್ಲಿಗೆ ಇಳಿಯತೊಡಗಿತು. ರೈಲು ಮತ್ತು ಕಾರ್ಖಾನೆಗಳ ಲೋಕವು ಕಬ್ಬಿಣದ ಲೋಕ; ಅಲ್ಲಿನ ಆಯುಧವು ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಪೇಟೆಂಟ್ ಪಡೆದ, ಮೈಯುದ್ದಕ್ಕೂ ಸುರುಳಿಗಾಲುವೆಗಳುಳ್ಳ ಡ್ರಿಲ್ ಬಿಟ್. ಒಂದೇ ದಿಕ್ಕಿಗೆ ತಿರುಗುತ್ತ, ಒಳಕ್ಕೆ ನುಗ್ಗುತ್ತ, ಕತ್ತರಿಸಿದ ಸುರುಳಿಯನ್ನು ಕಾಲುವೆಯ ಮೂಲಕ ಹೊರಕ್ಕೆ ಹಾಯಿಸುವ ಆ ಸಾಧನವು ಉಕ್ಕಿನ ಕೆಲಸಕ್ಕೆ ಅದ್ಭುತವಾದುದೆಂಬುದರಲ್ಲಿ ಸಂದೇಹವಿಲ್ಲ. ಅದನ್ನೇ ಹಾಗೆಯೇ ತಂದು ಹಿತ್ತಾಳೆಗೂ ತಾಮ್ರಕ್ಕೂ ಹೂಡಿದಾಗ, ಬಿಲ್ಲು ಬೈರಿಗೆ ನುಂಗಿಕೊಂಡಿದ್ದ ತೊಂದರೆಗಳೆಲ್ಲ ತಲೆಯೆತ್ತಿದುವು.

ಅಷ್ಟರಲ್ಲಿ ಮತ್ತೊಂದು ಮೆದುಲೋಹ ಅಡಿಗೆಮನೆಯನ್ನು ಹೊಕ್ಕಿತು. ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆರಂಭಿಸಿದ ಆಲ್ಫ್ರೆಡ್ ಚಾಟರ್ಟನ್ನರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. 660 ಡಿಗ್ರಿ ಸೆಂಟಿಗ್ರೇಡಿಗೇ ಕರಗುವ ಈ ಲೋಹ, ಅಂಟುವ ಗುಣದಲ್ಲಿ ತಾಮ್ರಕ್ಕೆ ಸೋದರನೇ ಸರಿ. ಬಿಟ್ಟಿನ ಕಾಲುವೆಗಳಲ್ಲಿ ತುಂಬಿ, ಬಿಗಿದು, ಬೆಸೆದುಕೊಂಡು, ಕೊನೆಗೆ ಬಿಟ್ಟನ್ನೇ ಮುರಿಯುತ್ತದೆ.

ಇಂದು ಕಡೂರು ತರೀಕೆರೆಗಳ ಮನೆಯ ಹಿತ್ತಿಲಲ್ಲೋ ಪಡಸಾಲೆಯ ಮೂಲೆಯಲ್ಲೋ ವಿದ್ಯುತ್ ಡ್ರಿಲ್ಲೊಂದನ್ನು ಇಟ್ಟುಕೊಂಡು ಸ್ವಂತ ಕೆಲಸ ಮಾಡಿಕೊಳ್ಳುವವರು ತಿಳಿದಿರಬೇಕಾದುದು ಬಹಳವೇನಿಲ್ಲ. ತಾಮ್ರಕ್ಕೂ ಅಲ್ಯೂಮಿನಿಯಮಿಗೂ ಬಿಟ್ಟು ಅತ್ಯಂತ ಹರಿತವಾಗಿರಬೇಕು, ಕಾಲುವೆ ನುಣುಪಾಗಿರಬೇಕು, ಆಗಾಗ ಹೊರಗೆಳೆದು ಸುರುಳಿಯನ್ನು ಝಾಡಿಸಬೇಕು. ಅಲ್ಯೂಮಿನಿಯಮಿಗೆ ಸೀಮೆಎಣ್ಣೆಯ ತೊಟ್ಟು ಬಿಟ್ಟರೆ ಅಂಟು ಬಿಡುತ್ತದೆ. ತಾಮ್ರಕ್ಕೆ ಹಾಲನ್ನು ಹನಿಸಬೇಕೆಂದು ಹಳೆಯ ಯಂತ್ರಶಾಲೆಗಳ ಕೈಪಿಡಿಗಳು ವಿಧಿಸಿದ್ದುವು. ಬೆಣ್ಣೆ ಚಾವಡಿಯ ಸೀಮೆಯವರು ಇದನ್ನು ಓದಿದರೆ ಸಂತೋಷಪಡುವರೆಂದು ತೋರುತ್ತದೆ. ತೆಳುತಗಡನ್ನು ಎರಡು ಮರದ ಹಲಗೆಗಳ ನಡುವೆ ಬಿಗಿದು ಮೂರನ್ನೂ ಒಟ್ಟಿಗೆ ಕೊರೆದರೆ ತೂತು ಮೂರುಮೂಲೆಯಾಗದೆ ದುಂಡಗೆ ಬರುತ್ತದೆ. ಹಿತ್ತಾಳೆಗೆ ಮಾತ್ರ ಬಿಟ್ಟಿನ ಬಾಯಿಯ ಅಂಚನ್ನು ಸಣ್ಣ ಸಾಣೆಕಲ್ಲಿನಿಂದ ಒಂದೆರಡು ಸಲ ನೇರವಾಗಿ ಉಜ್ಜಿ, ನುಗ್ಗುವ ಹರಿತವನ್ನು ಕೆರೆಯುವ ಹರಿತವಾಗಿ ಮಾರ್ಪಡಿಸಬೇಕು. ಬಿಲ್ಲು ಬೈರಿಗೆಯ ಅಲಗು ಹುಟ್ಟಿನಿಂದಲೇ ಪಡೆದಿದ್ದ ಬಾಯಿ ಇದೇ. ಹೀಗೆ ಉಜ್ಜಿದ ಬಿಟ್ಟಿನ ಹಿಡಿಗೆ ಬಣ್ಣ ಬಳಿದು ಬೇರೆಯಾಗಿ ಇಡುವುದು ಲೇಸು, ಏಕೆಂದರೆ ಮತ್ತೆ ಸಾಣೆ ಹಿಡಿಯುವವರೆಗೆ ಅದು ಉಕ್ಕಿನ ಕೆಲಸಕ್ಕೆ ಬಾರದು.