ಹೊಗೆಕೊಳವೆಗಿಂತ ಹಳೆಯ ಹೊಗೆ

ಗೋವಾದ ವೆರ್ಣಾದಂಥ ಕೈಗಾರಿಕಾ ವಸಾಹತುವಿನ ಸುತ್ತ ಬದುಕುವವರಿಗೆ ಕ್ಯಾನ್ಸರ್ ಎಂದರೆ ಕಾರ್ಖಾನೆಯ ಕೂಸು ಅನ್ನಿಸುವುದು ಸಹಜ. ಈ ಭಾವನೆಗೆ 2010ರಲ್ಲಿ ವಿದ್ವಾಂಸರ ಬೆಂಬಲವೂ ಸಿಕ್ಕಿತು. ಈಜಿಪ್ಟಿನ ಮಮ್ಮಿಗಳ ಅಧ್ಯಯನದಲ್ಲಿ ಹೆಸರಾದ ರೊಸಾಲಿ ಡೇವಿಡ್ ಮತ್ತು ಮೈಕೆಲ್ ಜಿಮ್ಮರ್‌ಮನ್, ಪ್ರಾಚೀನರಲ್ಲಿ ಈ ರೋಗ ತೀರಾ ಅಪರೂಪವೆಂದೂ ಅದನ್ನು ಬೆಳೆಸಿದ್ದು ಆಧುನಿಕ ಬದುಕೆಂದೂ ವಾದಿಸಿದರು. ಅಲ್ಲಿಂದೀಚೆಗೆ ಆ ವಾದ ಸಡಿಲವಾಗುತ್ತಲೇ ಬಂದಿದೆ. ಸುಡಾನಿನ ಅಮರಾ ವೆಸ್ಟ್‌ನಲ್ಲಿ ಸುಮಾರು 3,200 ವರ್ಷ ಹಿಂದೆ ಸತ್ತ ತರುಣನೊಬ್ಬನ ಮೂಳೆಗಳಲ್ಲಿ ಹರಡಿದ ಕ್ಯಾನ್ಸರಿನ ಗುರುತುಗಳನ್ನು 2014ರಲ್ಲಿ ವರದಿ ಮಾಡಿದ ತಂಡ, ಸಂಭಾವ್ಯ ಕಾರಣಗಳಲ್ಲಿ ಸೌದೆಯ ಹೊಗೆಯನ್ನೂ ಸ್ಕಿಸ್ಟೊಸೋಮ ಎಂಬ ಪರೋಪಜೀವಿಯನ್ನೂ ಹೆಸರಿಸಿತು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೇಂಬ್ರಿಜ್ ಸುತ್ತಮುತ್ತಲ ಮಧ್ಯಯುಗದ 143 ಅಸ್ಥಿಪಂಜರಗಳನ್ನು ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್‌ಗೆ ಒಳಪಡಿಸಿದಾಗ ಐದರಲ್ಲಿ ರೋಗ ಕಂಡಿತು. ಮೂಳೆಗೆ ಹಬ್ಬದ ಕ್ಯಾನ್ಸರನ್ನೂ ಲೆಕ್ಕಕ್ಕೆ ಹಿಡಿದರೆ ಅಂದಿನ ವಯಸ್ಕರಲ್ಲಿ ಶೇ. 9ರಿಂದ 14 ಮಂದಿಗೆ ಸಾಯುವ ಹೊತ್ತಿಗೆ ಈ ರೋಗವಿತ್ತೆಂಬುದು ಸಂಶೋಧಕರ ಅಂದಾಜು. ಹಿಂದೆ ಶೇ. 1ರಷ್ಟೂ ಇರಲಿಲ್ಲ ಎಂದುಕೊಂಡಿದ್ದರು. ಅಪರೂಪವಾಗಿದ್ದುದು ರೋಗಕ್ಕಿಂತ ಹೆಚ್ಚಾಗಿ ಅದನ್ನು ಹುಡುಕುವ ಸಾಧನ.

ಪರಿಸರದ ವಿಷ ಕಾರ್ಖಾನೆಗಿಂತ ಹಳೆಯದು ಎನ್ನಲು ಸುಡಾನಿನವರೆಗೆ ಹೋಗಬೇಕಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪ್ರಾಚೀನರು ಚಿನ್ನಕ್ಕಾಗಿ ತೋಡಿದ ಕುಳಿಗಳು 600 ಅಡಿಗೂ ಆಳಕ್ಕೆ ಇಳಿದಿವೆ. ಅಲ್ಲಿ ಸಿಕ್ಕ ಮರದ ಕಾಲ ಸುಮಾರು 2,000 ವರ್ಷದ ಹಿಂದಿನದು. ಸಿಡಿಮದ್ದಿಲ್ಲದ ಆ ಕಾಲದಲ್ಲಿ ಬಂಡೆಯ ಬುಡದಲ್ಲಿ ಬೆಂಕಿ ಹಾಕಿ, ಕಾಯಿಸಿ ಒಡೆಯುತ್ತಿದ್ದರು. ಹಟ್ಟಿಯ ಅದಿರಿನಲ್ಲೋ ಚಿನ್ನದ ಜೊತೆಗೆ ಆರ್ಸೆನೋಪೈರೈಟ್ ಇದೆ. ಅದು ಕಾದರೆ ಬರುವುದು ಆರ್ಸೆನಿಕ್ ಬೆರೆತ ಹೊಗೆ. ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರಿಗೆ ಆರ್ಸೆನಿಕ್ ಕಾರಣವೆಂಬುದರಲ್ಲಿ ಇಂದು ತಕರಾರಿಲ್ಲ. ಗಾಳಿಯಾಡದ ಕುಳಿಯಲ್ಲಿ ಅದನ್ನು ಉಸಿರಾಡಿದವರ ಪಾಡನ್ನು ಊಹಿಸುವುದು ಕಷ್ಟವಲ್ಲ. ಈ ಊಹೆಗೆ ವರ್ತಮಾನದ ಒಂದು ಆಧಾರವೂ ಇದೆ: ಯಾದಗಿರಿ ಜಿಲ್ಲೆಯಲ್ಲಿ ಮಂಗಳೂರು ಎಂಬ ಹಳ್ಳಿಯ ಹೆಸರು ಹೊತ್ತ ಶಿಲಾಪಟ್ಟಿಯ ಹಳೆಯ ಚಿನ್ನದ ಗಣಿಯ ಬಳಿ 181 ಜನರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೇ. 58.6 ಮಂದಿಯ ಚರ್ಮದಲ್ಲಿ ಆರ್ಸೆನಿಕ್‌ನ ಲಕ್ಷಣಗಳಿದ್ದವು. ಕುಡಿಯುವ ನೀರೇ ಅದರ ಮುಖ್ಯ ದಾರಿ ಎಂಬುದು ಅಧ್ಯಯನಕಾರರ ಊಹೆ.

ಹಾಗಾದರೆ ಹಟ್ಟಿಯ ಗಣಿಗಾರನ ಕ್ಯಾನ್ಸರ್ ಹಿಡಿದ ಮೂಳೆ ಎಲ್ಲಿ ಎಂದು ಕೇಳುವುದು ನ್ಯಾಯವೇ. ವಿಷ ಸೋಕಿತು ಎಂಬುದು ರೋಗ ಬಂತು ಎಂಬುದಕ್ಕೆ ರುಜುವಾತಲ್ಲ, ಒಪ್ಪಬೇಕು. ಆದರೆ ಆರ್ಸೆನಿಕ್ ತರುವ ಕ್ಯಾನ್ಸರುಗಳು ಮೆದು ಅಂಗಾಂಗಗಳಲ್ಲಿ ಹುಟ್ಟುವಂಥವು. ಮೂಳೆಗೆ ಹಬ್ಬಿದರಷ್ಟೇ ಗುರುತು ಉಳಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬೃಹತ್ ಶಿಲಾಸಮಾಧಿಗಳಲ್ಲಿ ಸಿಗುವುದೋ, ಬೇರೆಡೆಯಿಂದ ಆಯ್ದು ತಂದಿಟ್ಟ ಬಿಡಿ ಮೂಳೆಗಳು. ವೆರ್ಣಾದ ಮುರಕಲ್ಲಿನ ಹುಳಿಮಣ್ಣು ಅಷ್ಟನ್ನೂ ಉಳಿಸದು. ಹಾಗೆಂದು ಇಂದಿನ ಕಾರ್ಖಾನೆಗಳು ಇದರಿಂದ ಖುಲಾಸೆಯಾಗುವುದಿಲ್ಲ. ಇಂದಿನ ಬ್ರಿಟನ್ನಿನಲ್ಲಿ ಸಾಯುವ ಹೊತ್ತಿಗೆ ಕ್ಯಾನ್ಸರ್ ಇರುವವರ ಪ್ರಮಾಣ ಶೇ. 40ರಿಂದ 50, ಆ ಏರಿಕೆಯಲ್ಲಿ ದೀರ್ಘಾಯುಷ್ಯದ ಜೊತೆ ತಂಬಾಕು, ರಾಸಾಯನಿಕಗಳ ಪಾಲೂ ಇದೆ. ನಮ್ಮಲ್ಲಿ ಆಗಬೇಕಾದ ಕೆಲಸವೆಂದರೆ ಉತ್ಖನನದಲ್ಲಿ ಸಿಕ್ಕು ದಾಸ್ತಾನಾಗಿರುವ ಮೂಳೆಗಳ ಸ್ಕ್ಯಾನ್. ಆರ್ಸೆನಿಕ್ ಅಳೆಯುವಾಗ ಮೂಳೆಯ ಜೊತೆಗೆ ಅದು ಹೂತಿದ್ದ ಮಣ್ಣನ್ನೂ ಅಳೆಯಬೇಕು, ಏಕೆಂದರೆ ಸತ್ತ ಮೇಲೂ ಮೂಳೆ ಮಣ್ಣಿನಿಂದ ಆರ್ಸೆನಿಕ್ ಹೀರಬಲ್ಲದು.