ಶಾವಿಗೆ ಒರಳಿನಿಂದ ಕೈಮಾ ನೂಡಲ್ಸ್‌ವರೆಗೆ

ಜಗತ್ತಿನಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ನೂಡಲ್ಸ್ ಯಾವ ಹಿಟ್ಟಿನದು ಗೊತ್ತಾ? ಮೈದಾದ್ದಲ್ಲ, ಗೋಧಿದೂ ಅಲ್ಲ. ನವಣೆ ಮತ್ತು ಬರಗಿನದು. ಚೀನಾದ ಚಿಂಗ್‌ಹಾಯ್ ಪ್ರಾಂತ್ಯದ ಲಾಜಿಯಾ ಅನ್ನೋ ಜಾಗದಲ್ಲಿ, ಸುಮಾರು 4000 ವರ್ಷದ ಹಿಂದೆ ಮಣ್ಣಲ್ಲಿ ಮುಚ್ಚಿಹೋದ ಊರೊಂದನ್ನ ಅಗೆಯುವಾಗ, ಬೋರಲು ಬಿದ್ದಿದ್ದ ಒಂದು ಬಟ್ಟಲಿನ ಅಡಿ ಹಳದಿ ಎಳೆಗಳು ಸಿಕ್ಕವು. 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸುದ್ದಿ ಬಂತು. ಹಿಂದೆಯೇ ತಕರಾರೂ ಬಂತು. ನವಣೆಗೆ ಗೋಧಿಯ ಅಂಟು ಇಲ್ಲ, ಅದರ ಹಿಟ್ಟನ್ನ ಎಳೆದು ದಾರ ಮಾಡೋದು ಹೇಗೆ ಸಾಧ್ಯ ಅಂತ. ಆಮೇಲೆ ಪ್ರಯೋಗ ಮಾಡಿದವರು ಕೊಟ್ಟ ಉತ್ತರ: ಎಳೆಯೋಕ್ಕಾಗಲ್ಲ ನಿಜ, ಆದರೆ ಹಿಟ್ಟನ್ನ ಬಿಸಿಯಲ್ಲಿ ಹದ ಮಾಡಿ ತೂತಿನಿಂದ ಒತ್ತಿದರೆ ಆಗುತ್ತೆ. ಮಂಡ್ಯ ಕಡೆಯ ಯಾವ ಅಜ್ಜಿಯನ್ನ ಕೇಳಿದ್ದರೂ ಈ ಜಗಳ ಒಂದು ಮಧ್ಯಾಹ್ನದಲ್ಲಿ ಬಗೆಹರಿದುಬಿಡುತ್ತಿತ್ತು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಬಸವೇಶ್ವರನಗರದ ನಮ್ಮ ಮನೆಯಲ್ಲಿ ವಾರಕ್ಕೊಂದು ರಾತ್ರಿಯಾದರೂ ಕೈಮಾ ನೂಡಲ್ಸ್ ಆಗುತ್ತೆ. ಔಟರ್ ರಿಂಗ್ ರೋಡಿನ ಆಫೀಸು ಬಿಟ್ಟು ಹಾವನೂರು ಸರ್ಕಲ್ ಮುಟ್ಟುವಷ್ಟರಲ್ಲಿ ಒಂದೂವರೆ ಗಂಟೆ ಹೋಗಿರುತ್ತೆ, ಮುದ್ದೆ ತಿರುವೋ ತ್ರಾಣ ಇರಲ್ಲ. ಅಮೆರಿಕದ ಮನೆಗಳಲ್ಲಿ ಇದೇ ಊಟವನ್ನ ದನದ ಮಾಂಸದ ಕೈಮಾ, ಸೋಯಾ ಸಾಸ್, ಶುಂಠಿ, ಬೆಳ್ಳುಳ್ಳಿ ಹಾಕಿ ಅರ್ಧ ಗಂಟೆಯಲ್ಲಿ ಮುಗಿಸಿ 'ಏಷ್ಯನ್' ಅಂತ ಹೆಸರಿಡ್ತಾರೆ. ನಮ್ಮ ಕಡೆಯವರು ಅದನ್ನೇ 'ಫಾರಿನ್ ಅಡುಗೆ' ಅಂತಾರೆ. ನನಗೇನೋ ಇದರಲ್ಲಿ ಹೊರಗಿಂದ ಹೊಸದಾಗಿ ಬಂದದ್ದು ಎಳೆಯೂ ಅಲ್ಲ, ಕೊಚ್ಚಿದ ಮಾಂಸವೂ ಅಲ್ಲ ಅನ್ನಿಸುತ್ತೆ. ಬಂದದ್ದು ಆ 'ಅರ್ಧ ಗಂಟೆ'.

ಕೈಮಾ ಅನ್ನೋ ಮಾತನ್ನೇ ನೋಡಿ. ಸಣ್ಣಗೆ ಕೊಚ್ಚೋದು ಅನ್ನೋ ಅರ್ಥದ ತುರ್ಕಿ ಮಾತಿಂದ ಹುಟ್ಟಿ, ಪಾರಸಿ, ಉರ್ದು ದಾಟಿ ನಮ್ಮ ಬಾಯಿಗೆ ಬಂದಿದೆ. ಉರ್ದುವಿನಲ್ಲಿ ಖೀಮಾ, ಹಳೇ ಮೈಸೂರಿನಲ್ಲಿ ಕೈಮಾ. ಎಷ್ಟು ನಮ್ಮದಾಗಿದೆ ಅಂದ್ರೆ, ಕೈಮಾ ಉಂಡೆ ಸಾರನ್ನ ಪರದೇಶದ್ದು ಅಂತ ನಮ್ಮೂರಲ್ಲಿ ಹೇಳಿದರೆ ಎಬ್ಬಿಸಿ ಕಳಿಸ್ತಾರೆ. ಇನ್ನು ಎಳೆಯ ವಿಷಯಕ್ಕೆ ಬಂದರೆ, ನಮ್ಮಲ್ಲಿ ಒಂದಲ್ಲ ಎರಡು ದಾರಿ. ಉತ್ತರ ಕರ್ನಾಟಕದಲ್ಲಿ ಗೋಧಿ ರವೆಯ ಹಿಟ್ಟನ್ನ ನಾದಿ, ಬೇಸಿಗೆಯಲ್ಲಿ ಹೊಸೆದು, ಬಿಸಿಲಿಗೆ ಒಣಗಿಸಿ ವರ್ಷಕ್ಕಾಗುವಷ್ಟು ತುಂಬಿಡೋ ಶಾವಿಗೆ. ನಮ್ಮ ಕಡೆ ಅಕ್ಕಿದೋ ರಾಗಿದೋ ಒತ್ತು ಶಾವಿಗೆ, ಅವತ್ತು ಒತ್ತಿದ್ದನ್ನ ಅವತ್ತೇ ತಿನ್ನಬೇಕು. ಮೊದಲ ಸುತ್ತು ಕಾಯಿಹಾಲು ಬೆಲ್ಲದ ಜೊತೆ, ಎರಡನೇ ಸುತ್ತು ಕೋಳಿ ಸಾರಿನ ಜೊತೆ. ಶಾವಿಗೆ ಮಾಂಸ ಒಂದೇ ತಟ್ಟೆಗೆ ಬರೋದು ನಮಗೇನು ಚೈನೀಸ್ ಹೋಟೆಲಿನವರು ಕಲಿಸಿದ್ದಲ್ಲ.

ಆದರೆ ಆ ಒತ್ತು ಶಾವಿಗೆಯ ಹಿಂದಿನ ಕೆಲಸ ನೋಡಿದವರಿಗೇ ಗೊತ್ತು. ಹಿಂದಿನ ದಿನ ಅಕ್ಕಿ ನೆನೆಹಾಕಬೇಕು. ಬೆಳಗ್ಗೆ ನುಣ್ಣಗೆ ರುಬ್ಬಿ, ಸೌದೆ ಒಲೆ ಮೇಲೆ ಗಂಟಾಗದ ಹಾಗೆ ತಿರುವಿ ಮುದ್ದೆ ಕಟ್ಟಬೇಕು. ಉಂಡೆ ಮಾಡಿ ಮತ್ತೆ ಬೇಯಿಸಬೇಕು. ಆಮೇಲೆ ಶಾವಿಗೆ ಒರಳು: ಮೂರು ಕಾಲಿನ ಮರದ ಚೌಕಟ್ಟು, ನಡುವೆ ಸಣ್ಣ ತೂತುಗಳ ಬಿಲ್ಲೆ, ಮೇಲೆ ಉದ್ದನೆಯ ಹಿಡಿ. ಉಂಡೆ ಸುಡುಸುಡುತ್ತಿರುವಾಗಲೇ ಒಳಗೆ ಹಾಕಬೇಕು, ಆರಿದರೆ ಒರಳು ಇಳಿಯಲ್ಲ. ಒಬ್ಬರು ಉಂಡೆ ಹಾಕೋಕೆ, ಒಬ್ಬರು ಹಿಡಿ ಅದುಮೋಕೆ, ಒಬ್ಬರು ಕೆಳಗೆ ತಟ್ಟೆ ತಿರುಗಿಸೋಕೆ. ಹಿಡಿ ಬಗ್ಗದಿದ್ದರೆ ತುದಿಗೆ ನಮ್ಮಂಥ ಹುಡುಗರನ್ನ ನೇತುಹಾಕ್ತಿದ್ದರು. ನಮ್ಮ ಮನೆಯಲ್ಲಿ ಅವ್ವ, ದೊಡ್ಡವ್ವ, ಅತ್ತೆ ಮೂರು ಜನ ಸೇರದೆ ಶಾವಿಗೆ ಆಗ್ತಿರಲಿಲ್ಲ. ಗಂಡಸರು ಕೈತೊಳೆದು ಕೂರೋ ಹೊತ್ತಿಗೆ ಬರ್ತಿದ್ದರು. ಅದಕ್ಕೇ ಅದು ಹಬ್ಬಕ್ಕೆ, ನೆಂಟರಿಗೆ. ಸೋಮವಾರ ರಾತ್ರಿಯ ಊಟ ಆಗೋಕೆ ಸಾಧ್ಯವೇ ಇರಲಿಲ್ಲ.

ಅದನ್ನ ಸೋಮವಾರ ರಾತ್ರಿಗೆ ತಂದದ್ದು ಜಪಾನಿನ ಹಸಿವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಸಾಕದಲ್ಲಿ ಜನ ಒಂದು ಬಟ್ಟಲು ರಾಮೆನ್‌ಗಾಗಿ ಚಳಿಯಲ್ಲಿ ಸಾಲು ನಿಂತದ್ದನ್ನ ಮೊಮೊಫುಕು ಆಂಡೊ ಅನ್ನೋ ವ್ಯಾಪಾರಿ ನೋಡಿದ. ಅಮೆರಿಕದಿಂದ ಗೋಧಿಹಿಟ್ಟು ಬರ್ತಿತ್ತು, ಸರ್ಕಾರ ಬ್ರೆಡ್ ತಿನ್ನಿ ಅಂತಿತ್ತು. ನೂಡಲ್ಸ್ ಯಾಕೆ ಬೇಡ ಅನ್ನೋದು ಇವನ ಪ್ರಶ್ನೆ. ಹಿತ್ತಲಿನ ಗುಡಿಸಲಲ್ಲಿ ಪ್ರಯೋಗ ಮಾಡ್ತಾ ಇದ್ದವನಿಗೆ ಉಪಾಯ ಹೊಳೆದದ್ದು ಹೆಂಡತಿ ಟೆಂಪುರಾ ಕರಿಯುವುದನ್ನ ನೋಡಿ ಅಂತ ಕಂಪನಿಯೇ ಹೇಳಿಕೊಳ್ಳುತ್ತೆ. ಬೆಂದ ಎಳೆಯನ್ನ ಕಾದ ಎಣ್ಣೆಗೆ ಬಿಟ್ಟರೆ ಒಳಗಿನ ನೀರು ಆವಿಯಾಗಿ ಸಿಡಿದು ಹೊರಗೆ ಹೋಗುತ್ತೆ, ಎಳೆಯ ತುಂಬ ಕಣ್ಣಿಗೆ ಕಾಣದಂಥ ತೂತು ಉಳಿಯುತ್ತೆ. ಮತ್ತೆ ಬಿಸಿನೀರು ಹಾಕಿದಾಗ ಅದೇ ತೂತುಗಳ ದಾರಿಯಲ್ಲಿ ನೀರು ಒಳಗೆ ನುಗ್ಗಿ ಎಳೆ ಮೆತ್ತಗಾಗುತ್ತೆ. 1958ರ ಆಗಸ್ಟ್ 25ರಂದು 'ಚಿಕನ್ ರಾಮೆನ್' ಮಾರುಕಟ್ಟೆಗೆ ಬಂತು. ಉಪಾಯ ಹೊಳೆದದ್ದು ಆಂಡೊಗೆ, ಬಾಣಲೆ ಮುಂದೆ ನಿಂತಿದ್ದವಳು ಹೆಂಡತಿ. ಇದನ್ನ ಓದುವಾಗೆಲ್ಲ ನನಗೆ ಒರಳಿನ ಹಿಡಿ ನೆನಪಾಗುತ್ತೆ.

ಇಲ್ಲಿಗೆ ಬಂದದ್ದು 1983ರಲ್ಲಿ, ಮ್ಯಾಗಿ ರೂಪದಲ್ಲಿ. 'ಎರಡೇ ನಿಮಿಷ' ಅನ್ನೋ ಜಾಹೀರಾತು ನೇರ ಅಮ್ಮಂದಿರಿಗೇ ಮಾಡಿದ್ದು. 1989ರಲ್ಲಿ ನಂಜನಗೂಡಿನಲ್ಲಿ ನೆಸ್ಲೆ ಕಾರ್ಖಾನೆ ಶುರುವಾಯಿತು. ಆಂಡೊ ಕಟ್ಟಿದ ನಿಸ್ಸಿನ್ ಕಂಪನಿಯ ಟಾಪ್ ರಾಮೆನ್‌ಗೆ ಜಿಗಣಿಯಲ್ಲೇ ಕಾರ್ಖಾನೆ ಆಯಿತು. ರಸಬಾಳೆಯ ನಂಜನಗೂಡು ನೂಡಲ್ಸ್ ಊರೂ ಆಗಿಹೋಯಿತು ಅನ್ನೋದು ನಮಗೆ ಹೊಳೆದದ್ದು 2015ರ ಜೂನ್‌ನಲ್ಲಿ, ಸೀಸದ ಅಂಶದ ಆರೋಪದ ಮೇಲೆ ಮ್ಯಾಗಿ ನಿಷೇಧವಾದಾಗ. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧ ತೆಗೆದು ಮರುಪರೀಕ್ಷೆಗೆ ಹೇಳಿತು, ನವೆಂಬರ್‌ನಲ್ಲಿ ಪೊಟ್ಟಣ ಅಂಗಡಿಗೆ ವಾಪಸ್ ಬಂತು.

ನಾನು ತರೋದು ಮ್ಯಾಗಿಯಲ್ಲ, ಮಸಾಲೆ ಪುಡಿ ಇಲ್ಲದ ಬರೀ ನೂಡಲ್ಸ್. ಪೊಟ್ಟಣದ ಮೇಲೆ 'ಹಕ್ಕಾ' ಅಂತ ಇರುತ್ತೆ. ಅದು ಅಡುಗೆ ಮಾಡೋ ವಿಧಾನ ಅಂದುಕೊಂಡವರೇ ಹೆಚ್ಚು. ಹಕ್ಕಾ ಅಂದ್ರೆ ಜನ. ದಕ್ಷಿಣ ಚೀನಾದಿಂದ ಕಲ್ಕತ್ತಾಕ್ಕೆ ಬಂದು ಟಾಂಗ್ರಾದಲ್ಲಿ ಚರ್ಮ ಹದ ಮಾಡಿ ಬದುಕಿದವರು. ನಮ್ಮ ಹಸಿಮೆಣಸಿನಕಾಯಿಗೂ ಅವರ ಸೋಯಾ ಸಾಸ್‌ಗೂ ಸಂಬಂಧ ಕುದುರಿದ್ದು ಅವರ ಒಲೆ ಮೇಲೆ. 1962ರ ಯುದ್ಧವಾದಾಗ ಇಲ್ಲೇ ಹುಟ್ಟಿ ಬೆಳೆದ ಸಾವಿರಾರು ಚೀನೀ ಮೂಲದವರನ್ನ ರಾಜಸ್ಥಾನದ ದೇವ್ಲಿ ಶಿಬಿರದಲ್ಲಿ ಕೂಡಿಹಾಕಿದರು. ಬಿಡುಗಡೆಯಾದ ಮೇಲೆ ಎಷ್ಟೋ ಜನ ಕೆನಡಾಕ್ಕೆ ಹೋಗಿಬಿಟ್ಟರು. ಹೆಸರು ಪೊಟ್ಟಣದ ಮೇಲೆ ಉಳಿಯಿತು.

ಇನ್ನು ಮಾಂಸ. ನಮ್ಮ ಮನೆಯಲ್ಲಿ ಮಟನ್ ಕೈಮಾ, ಅದು ನಮ್ಮ ಮನೆಯ ರೂಢಿ. ಆದರೆ ಮೂಲ ಅಡುಗೆ ದನದ ಮಾಂಸದ್ದು ಅನ್ನೋದನ್ನ ಮುಚ್ಚಿಟ್ಟು ಬರೆದರೆ ಚರಿತ್ರೆ ಅನ್ನಿಸಿಕೊಳ್ಳಲ್ಲ. ಈ ರಾಜ್ಯದಲ್ಲಿ ಅದನ್ನ ತಿನ್ನೋರು ಹೊರಗಿನವರೂ ಅಲ್ಲ. 1960ರ ದಶಕದ ಶುರುವಿನಲ್ಲಿ ಬೈಲಕುಪ್ಪೆಗೆ ಬಂದ ಟಿಬೆಟನ್ನರ ಥುಕ್ಪಾದಲ್ಲಿ ಅದಿದೆ, ಶಿವಾಜಿನಗರದ ಮನೆಗಳಲ್ಲಿದೆ, ಹಳ್ಳಿಗಳ ಕೇರಿಗಳಲ್ಲಿ ತಲೆಮಾರುಗಳಿಂದ ಇದೆ. 1964ರ ಕಾಯ್ದೆ ಹಸು ಕಡಿಯೋದನ್ನ ನಿಷೇಧಿಸಿ, 12 ವರ್ಷ ದಾಟಿದ ಎತ್ತು, ಕೋಣ, ಎಮ್ಮೆಗಳಿಗೆ ಸರ್ಟಿಫಿಕೇಟ್ ಮೇಲೆ ಅವಕಾಶ ಇಟ್ಟಿತ್ತು. 2020ರ ಕಾಯ್ದೆ ಎತ್ತನ್ನೂ ಸೇರಿಸಿ ನಿಷೇಧಿಸಿ, 13 ವರ್ಷ ದಾಟಿದ ಎಮ್ಮೆ-ಕೋಣವನ್ನ ಮಾತ್ರ ಬಿಟ್ಟಿತು. ಅಷ್ಟು ವಯಸ್ಸಾದ ಪ್ರಾಣಿಯ ಮಾಂಸ ಗಟ್ಟಿ, ತುಂಡು ಮಾಡಿ ಬೇಯಿಸಿದರೆ ಕುಕ್ಕರ್ ಎಷ್ಟು ಕೂಗಿದರೂ ಸಾಲದು. ಬೇಗ ಬೇಯಬೇಕು ಅಂದ್ರೆ ಕೈಮಾ ಮಾಡಲೇಬೇಕು. ಕಾನೂನು ಒಲೆವರೆಗೂ ಬರೋದು ಹೀಗೆ. ಇನ್ನು ನಮ್ಮ ಏರಿಯಾದಲ್ಲಿ ಕಾನೂನಿಗಿಂತ ಮುಂಚೆ ಟು-ಲೆಟ್ ಬೋರ್ಡ್ ಬರುತ್ತೆ: 'ಸಸ್ಯಾಹಾರಿಗಳಿಗೆ ಮಾತ್ರ'. ಬಸವಣ್ಣನ ಹೆಸರಿನ ಬಡಾವಣೆಯಲ್ಲಿ ಮನೆ ಕೇಳೋಕೆ ಹೋದಾಗ ಮೊದಲ ಪ್ರಶ್ನೆ ನೀವು ಯಾರು, ಎರಡನೇದು ಏನು ತಿಂತೀರಿ. ಎರಡೂ ಒಂದೇ ಪ್ರಶ್ನೆ ಅಂತ ಇಬ್ಬರಿಗೂ ಗೊತ್ತಿರುತ್ತೆ.

ಸರಿ, ಮಾಡೋದು ಹೇಗೆ ಅನ್ನೋದನ್ನೂ ಹೇಳಿಬಿಡ್ತೀನಿ. ಮೂರು ಜನಕ್ಕೆ ಕಾಲು ಕೆಜಿ ಕೈಮಾ, 200 ಗ್ರಾಂ ನೂಡಲ್ಸ್. ಅಗಲವಾದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಬೇಕು. ಎಣ್ಣೆ ಬಿಟ್ಟು ಕೈಮಾ ಹರಡಿ, ಮೂರು ನಿಮಿಷ ಕೈ ಹಾಕಬೇಡಿ. ಕೆದಕುತ್ತಾ ಇದ್ದರೆ ನೀರು ಬಿಟ್ಟುಕೊಂಡು ಬೇಯುತ್ತೆ, ಹುರಿಯಲ್ಲ. ತಳ ಕೆಂಪಾದ ಮೇಲೆ ಮಗುಚಿ, ಜಜ್ಜಿದ ಶುಂಠಿ, ಆರೇಳು ಎಸಳು ಬೆಳ್ಳುಳ್ಳಿ, ಸೀಳಿದ ಹಸಿಮೆಣಸಿನಕಾಯಿ ಹಾಕಿ. ಮಟನ್ ಆದರೆ ಅರ್ಧ ಲೋಟ ನೀರು ಹಾಕಿ ಮುಚ್ಚಿ ಹತ್ತು-ಹನ್ನೆರಡು ನಿಮಿಷ ಬೇಯಿಸಿ, ನೀರು ಇಂಗಲಿ. ಆಮೇಲೆ ಎರಡು ಚಮಚ ಸೋಯಾ ಸಾಸ್, ಒಂದು ಚೂರು ಬೆಲ್ಲ. ಸಾಸ್‌ನಲ್ಲೇ ಉಪ್ಪಿರುತ್ತೆ, ರುಚಿ ನೋಡಿ ಆಮೇಲೆ ಉಪ್ಪು ಮುಟ್ಟಿ. ನೂಡಲ್ಸನ್ನ ಪೊಟ್ಟಣದಲ್ಲಿ ಹೇಳಿರುವುದಕ್ಕಿಂತ ಒಂದು ನಿಮಿಷ ಮುಂಚೆಯೇ ಬಸಿದು ಬಾಣಲೆಗೆ ಸೇರಿಸಿದರೆ ಮಿಕ್ಕಿದ್ದು ಅಲ್ಲೇ ಬೇಯುತ್ತೆ. ಕೊನೆಗೆ ಈರುಳ್ಳಿ ಸೊಪ್ಪು, ನಿಂಬೆಹುಳಿ.

ಅವ್ವ ಊರಿಂದ ಬಂದಾಗ ಒಮ್ಮೆ ಇದನ್ನೇ ಬಡಿಸಿದ್ದೆ. ತಟ್ಟೆ ನೋಡಿ, 'ಇದೇನ್ಲಾ ಮಗ, ಶಾವ್ಗೆಗೆ ಕೈಮಾ ಕಲಸ್ಬುಟ್ಟಿದ್ದೀಯ, ಸಾರೆಲ್ಲಿ?' ಅಂದ್ಲು. ಪೂರ್ತಿ ತಿಂದ್ಲು. ಎಷ್ಟು ಹೊತ್ತಾಯ್ತು ಮಾಡೋಕೆ ಅಂತ ಕೇಳಿದ್ಲು. ಇಪ್ಪತ್ತೈದು ನಿಮಿಷ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಬಲಗೈ ಮೊಣಕೈ ನೀವಿಕೊಂಡು, 'ನೀನೊಬ್ನೇ ಮಾಡ್ದಾ?' ಅಂದ್ಲು.